ಗೋಲಿನ ಹಿಂದಿನ ಕೆಜಾಯಾ

ಕೆಜಾಯಾ ಪ್ರಾಸರ್ ಯಾರನ್ನೂ ದೊಡ್ಡವರೆಂದು ಒಪ್ಪಿಕೊಂಡವಳಲ್ಲ. ವೆಲ್ಷ್ ನಾಡಿನ ಪಾಂಟ್‌ಹೆಲಿಗ್ ಕಣಿವೆಯ ಗಣಿ ಮ್ಯಾನೇಜರ್ ಅವಳ ಬಾಯಲ್ಲಿ ‘ಕೈ ತೊಳೆದ ಕಳ್ಳ’, ಕಾರ್ಮಿಕ ಸಂಘದ ಮುಖಂಡ ‘ಕೈ ತೊಳೆಯದ ಕಳ್ಳ’. ಚಾಪೆಲ್‌ನಲ್ಲಿ ಪಾದ್ರಿಯ ಉಪದೇಶ ಉದ್ದವಾದರೆ ಅವಳು ಮುಂದಿನ ಸಾಲಿನಲ್ಲಿ ಕೂತೇ ಕೈಚೀಲದಿಂದ ಪುದೀನಾ ಮಿಠಾಯಿ ತೆಗೆದು, ಕಾಗದವನ್ನು ಪರಪರ ಬಿಚ್ಚುತ್ತಿದ್ದಳು. ಪಾದ್ರಿಗೆ ಅದೇ ಗಂಟೆ, ಅಷ್ಟಕ್ಕೆ ಮುಗಿಸುತ್ತಿದ್ದ. ಗಂಡ ಗಾಮರ್ ಪ್ರಾಯವನ್ನೆಲ್ಲ ಕಲ್ಲಿದ್ದಲು ಕಡಿಯುವುದರಲ್ಲಿ ಕಳೆದು, ಎದೆಯ ತುಂಬ ಆ ಧೂಳನ್ನೇ ತುಂಬಿಕೊಂಡು ಸತ್ತಿದ್ದ. ಅವನ ಬಗ್ಗೆ ಕೇಳಿದರೂ ಅವಳು ಹೇಳುತ್ತಿದ್ದದ್ದು ಇಷ್ಟೇ: “ಒಳ್ಳೆಯವನೇ. ಶನಿವಾರ ಮಧ್ಯಾಹ್ನ ಆಯ್ತೂಂದ್ರೆ ಮಾತ್ರ ತಲೆ ಚೆಂಡಿನ ಹಾಗೇ, ಒಳಗೆ ಬರೀ ಗಾಳಿ.”

ಶನಿವಾರ ಮಧ್ಯಾಹ್ನವೆಂದರೆ ಫುಟ್‌ಬಾಲ್. ಗಣಿಯ ಕಸ ಸುರಿದು ಎದ್ದ ದಿಬ್ಬವೊಂದನ್ನು ಮಟ್ಟ ಮಾಡಿ ಊರವರು ಮೈದಾನ ಮಾಡಿಕೊಂಡಿದ್ದರು. ಮಳೆ ಬಂದರೆ ಅದು ಕರಿ ಗಂಜಿ, ಒಣಗಿದರೆ ಕರಿ ಧೂಳು; ಹುಲ್ಲು ಮಾತ್ರ ಯಾವ ಕಾಲಕ್ಕೂ ಇಲ್ಲ. ಅಂಥ ನೆಲಕ್ಕೆ ತಕ್ಕ ತಂಡ. ಮೂರನೆಯ ಡಿವಿಷನ್‌ನಲ್ಲಿ ಆಡುತ್ತಿತ್ತು ಎಂದು ಹೇಳಬೇಕು, ಆಡುತ್ತಿತ್ತು ಎನ್ನುವ ಮಾತಿಗೆ ಅವಮಾನವಾಗುವುದಿಲ್ಲವಾದರೆ. ಆ ಡಿವಿಷನ್‌ನ ಬುಡದಲ್ಲಿ ಉಳಿದ ಎರಡು ತಂಡಗಳು ಬೇಸಿಗೆಯಲ್ಲಿ ಲಂಡನ್ನಿಗೆ ಹೋಗಿ, ಬೇರೆ ಕ್ಲಬ್ಬುಗಳ ಯಜಮಾನರ ಮುಂದೆ ಟೋಪಿ ಕೈಯಲ್ಲಿ ಹಿಡಿದು, ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ವೋಟು ಬೇಡಬೇಕು. ಹಿಂದಿನ ವರ್ಷ ಪಾಂಟ್‌ಹೆಲಿಗ್ ಹಾಗೆ ಬೇಡಿಯೇ ಉಳಿದುಕೊಂಡಿತ್ತು.

೧೯೩೦ರ ಆಗಸ್ಟಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಐನನ್ ಪ್ಯೂ ಅವಳ ಬಾಗಿಲಿಗೆ ಬಂದ. ಬಟ್ಟೆ ಅಂಗಡಿಯವನಾದ್ದರಿಂದ ಊರಿಗೆಲ್ಲ ‘ಬಟ್ಟೆ ಪ್ಯೂ’. ಚಾಪೆಲ್‌ನ ಹಿರಿಯರಲ್ಲಿ ಒಬ್ಬ. ತಂಡದಲ್ಲಿ ಯಾರು ಆಡಬೇಕೆಂದು ಅವನೇ ಆರಿಸುತ್ತಿದ್ದ. ಚೆಂಡನ್ನು ಜನ್ಮದಲ್ಲಿ ಒದ್ದವನಲ್ಲ.

“ಮಿಸೆಸ್ ಪ್ರಾಸರ್, ಇಬ್ಬರು ಆಟಗಾರರಿಗೆ ಊಟ, ಮಲಗೋಕೆ ಜಾಗ ಬೇಕಾಗಿತ್ತು. ತುಂಬ ಸಭ್ಯಸ್ಥರು.”

“ಸಭ್ಯಸ್ಥರು ಮೊಣಕಾಲು ತೋರಿಸ್ಕೊಂಡು ಊರೆದುರು ಓಡಾಡ್ತಾರೇನ್ರೀ?”

“ಊರಿನ ಮರ್ಯಾದೆ ಪ್ರಶ್ನೆ ಇದು.”

“ಊರಿಗೆ ಮರ್ಯಾದೆ ಇದ್ದಿದ್ರೆ ನೀವ್ಯಾಕೆ ಅಧ್ಯಕ್ಷರಾಗ್ತಿದ್ರಿ, ಮಿಸ್ಟರ್ ಪ್ಯೂ? ಮಹಡಿ ಕೋಣೆ ಖಾಲಿ ಇದೆ, ಬರಲಿ. ಬೂಟು ಮಾತ್ರ ಹಿತ್ತಲಲ್ಲೇ ಬಿಚ್ಚಬೇಕು ಅಂತ ಹೇಳಿಬಿಡಿ.”

ಪ್ಯೂ ನುಂಗಿಕೊಂಡ. ಬೇರೆ ಯಾರೂ ಆ ಆಟಗಾರರನ್ನು ಮನೆಗೆ ಸೇರಿಸಲು ಒಪ್ಪಿರಲಿಲ್ಲ.

ಬಂದವರಲ್ಲಿ ಒಬ್ಬ ವಿಲ್ಫ್ರೆಡ್ ಟ್ರಾಂಟರ್, ಇಂಗ್ಲೆಂಡಿನವ, ಗೋಲು ಹೊಡೆಯುವುದಕ್ಕೆಂದೇ ಕರೆಸಿದ್ದ ಮುಂಚೂಣಿ ಆಟಗಾರ. ಯಾವುದೋ ಕಾಲದಲ್ಲಿ ಯಾವುದೋ ದೊಡ್ಡ ಕ್ಲಬ್ಬಿಗೆ ಎರಡು ಪಂದ್ಯ ಆಡಿದ್ದನಂತೆ. ಆ ಎರಡು ಪಂದ್ಯಗಳನ್ನೇ ದಿನಾ ಮೂರು ಹೊತ್ತು ತಟ್ಟೆಯ ಪಕ್ಕದಲ್ಲಿ ಬಡಿಸಿಕೊಳ್ಳುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ ತಲೆಗೆ ಸುವಾಸನೆಯ ಎಣ್ಣೆ ಮೆತ್ತಿಕೊಂಡು, ಕೆಜಾಯಾಳ ದಿಂಬುಗಳನ್ನೆಲ್ಲ ಹಾಳು ಮಾಡಿದ. ಇನ್ನೊಬ್ಬ ಗೋಲ್‌ಕೀಪರ್ ಇದ್ವಲ್ ರೀಸ್. ಬೆಟ್ಟದಾಚೆಯ ಕಣಿವೆಯವನು, ಇಪ್ಪತ್ತನಾಲ್ಕರ ಪ್ರಾಯ. ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕು, ಕೈಗಳು ಸಲಿಕೆಯಷ್ಟಗಲ. ಮಾತು ಕಮ್ಮಿ. ಹೇಳದೆಯೇ ಒಲೆಗೆ ಕಲ್ಲಿದ್ದಲು ತಂದು ಹಾಕುತ್ತಿದ್ದ. ಮೊದಲ ವಾರವೇ ಕೆಜಾಯಾ ನೆರೆಮನೆಯ ಮಾರ್ಗೆಡ್‌ಗೆ ಹೇಳಿದಳು: “ಒಬ್ಬ ಗಿಣಿ, ಇನ್ನೊಬ್ಬ ಎತ್ತು. ಗಿಣಿಗಿಂತ ಎತ್ತು ವಾಸಿ ಕಣೇ. ಗೊಬ್ಬರನಾದ್ರೂ ಸಿಗುತ್ತೆ.”

ಋತು ಶುರುವಾಯಿತು, ಸೋಲೂ ಶುರುವಾಯಿತು. ಮೈದಾನ ಅವಳ ಬೀದಿಯ ತುದಿಗೇ ಇದ್ದದ್ದರಿಂದ ಕೆಜಾಯಾ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಲೇ ಪಂದ್ಯ ತಿಳಿಯುತ್ತಿದ್ದಳು. ಜನ ಹೋ ಎಂದು ಕೂಗಿ ಥಟ್ಟನೆ ನಿಲ್ಲಿಸಿದರೆ ಟ್ರಾಂಟರ್ ಅವಕಾಶ ಕಳೆದ; ಉದ್ದಕ್ಕೆ ನರಳಿದರೆ ಎದುರಾಳಿ ಹೊಡೆದ. ಸಂಜೆ ಚಹಾಕ್ಕೆ ಬರುವಾಗ ಟ್ರಾಂಟರ್ ಕಾರಣಗಳನ್ನು ಹೊತ್ತು ತರುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕಾದರೆ ಇವನಿಗೆ ನೆಲ, ಗಾಳಿ, ರೆಫರಿ, ಚೆಂಡಿನ ಹೊಲಿಗೆ ಎಲ್ಲವೂ ಡೊಂಕು.

“ಇವತ್ತು ಗಾಳಿ ಎದುರಿಗಿತ್ತು, ಮಿಸೆಸ್ ಪ್ರಾಸರ್.”

“ಅರ್ಧ ಆಟ ಆದ್ಮೇಲೆ ಕಡೆ ಬದಲಾಯಿಸ್ತಾರಲ್ಲ, ಆಗ?”

“ಆಗ ಗಾಳಿ ನಿಂತುಹೋಯ್ತು.”

“ಗಾಳಿಗೂ ನಿನ್ನ ಆಟ ನೋಡಿ ಸಾಕಾಗಿರಬೇಕು.”

ಇದ್ವಲ್ ಬಗ್ಗಿ ನಗು ನುಂಗುತ್ತಿದ್ದ. ಟ್ರಾಂಟರ್ ಪಬ್ಬಿಗೆ ಹೋದ ಸಂಜೆಗಳಲ್ಲಿ ಅವನು ಒಲೆಯ ಪಕ್ಕ ಕೂತು ಅವಳ ಉಣ್ಣೆಯ ದಾರಕ್ಕೆ ಎರಡು ಕೈ ಚಾಚಿ ಹಿಡಿಯುತ್ತಿದ್ದ, ಅವಳು ಉಂಡೆ ಸುತ್ತುತ್ತಿದ್ದಳು. ನವೆಂಬರಿನ ಒಂದು ಭಾನುವಾರ ಹಾಗೆ ಕೂತಿದ್ದಾಗಲೇ ಅವನು ತಾನಾಗಿ ಬಾಯಿಬಿಟ್ಟ. ಮೊದಲು ಅವನೂ ಗಣಿಯಲ್ಲೇ ಇದ್ದವನು. ಹಳೆಯ ಸುರಂಗವೊಂದು ಒಡೆದು ನೀರು ನುಗ್ಗಿದ ದಿನ ತಮ್ಮ ಎಮ್ಲಿನ್ ಅವನ ಹಿಂದೆಯೇ ಇದ್ದ.

“ಕೈ ಹಿಡಿದಿದ್ದೆ, ಮಿಸೆಸ್ ಪ್ರಾಸರ್. ಚೆನ್ನಾಗೇ ಹಿಡಿದಿದ್ದೆ. ಒದ್ದೆ ಇತ್ತು. ಜಾರಿತು.”

ಕೆಜಾಯಾ ಉಂಡೆ ಸುತ್ತುವುದನ್ನು ನಿಲ್ಲಿಸಲಿಲ್ಲ. “ನಿಮ್ಮಮ್ಮನಿಗೆ ಗೊತ್ತಾ?”

“ಇಲ್ಲ. ನಾನು ಅವನ ಹತ್ರ ತಲುಪಲೇ ಇಲ್ಲ ಅಂತ ಹೇಳಿದೀನಿ. ನಿಮಗೆ ಮಾತ್ರ ಹೇಳಿದ್ದು.”

ಸಮಾಧಾನ ಹೇಳುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. ಎದ್ದುಹೋಗಿ, ಕಾವಲಿ ಕಲ್ಲಿನ ಮೇಲೆ ಬೇಯಿಸಿಟ್ಟ ಒಣದ್ರಾಕ್ಷಿಯ ಸಿಹಿ ಬಿಲ್ಲೆಗಳಲ್ಲಿ ಎರಡು ತಂದು ಅವನ ಮೊಣಕಾಲ ಮೇಲಿಟ್ಟಳು. ಅವಳ ಲೆಕ್ಕದಲ್ಲಿ ಅದು ತುಂಬ ದೊಡ್ಡ ಮಾತು.

ಡಿಸೆಂಬರಿನಲ್ಲಿ ಗಣಿ ಬಾಗಿಲು ಹಾಕಿತು. ಅರ್ಧ ಊರು ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತಿತು. ಮಾಡಲು ಕೆಲಸವಿಲ್ಲದ ಗಂಡಸರಿಗೆ ಬೈಯಲು ಒಂದು ತಂಡವಾದರೂ ಬೇಕಾಯಿತು. ಅದೇ ವೇಳೆಗೆ ಟ್ರಾಂಟರ್ ಒಂದು ದಿನ ಊಟದ ಮೇಜಿನಲ್ಲಿ ಸಿಡಿದ: “ಒಂದು ಪಂದ್ಯಾನೂ ನೋಡದೆ ಮಾತಾಡ್ತೀರಲ್ಲ, ಬಂದು ನೋಡಿ ಆಮೇಲೆ ಬೈರಿ!”

ಆ ಶನಿವಾರ ಕೆಜಾಯಾ ಚಾಪೆಲ್‌ಗೆ ಹಾಕುವ ಕಪ್ಪು ಟೋಪಿಯನ್ನೇ ಹಾಕಿಕೊಂಡು, ಮಾರ್ಗೆಡ್ ಜೊತೆ ಹೋಗಿ ಎದುರಾಳಿಯ ಗೋಲಿನ ಹಿಂದೆ ನಿಂತಳು. ಅವಳು ಊಹಿಸಿದ್ದಕ್ಕಿಂತ ತಂಡ ಎಷ್ಟೋ ಕಡೆಯಾಗಿತ್ತು. ಹನ್ನೊಂದು ಜನ ಹನ್ನೊಂದು ಕಡೆಗೆ ಮುಖ ಮಾಡಿ, ಜಾತ್ರೆಯಲ್ಲಿ ಕಳೆದುಹೋದ ಕುರಿಗಳಂತೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಹೇಗೋ ಒಮ್ಮೆ ಚೆಂಡು ಉರುಳುತ್ತ ಬಂದು ಟ್ರಾಂಟರನ ಕಾಲ ಬಳಿ ನಿಂತಿತು. ಎದುರಾಳಿ ಗೋಲ್‌ಕೀಪರ್ ಕೆಸರಲ್ಲಿ ಬಿದ್ದಿದ್ದ. ಮುಂದೆ ಖಾಲಿ ಗೋಲು. ಟ್ರಾಂಟರ್ ಮೊದಲು ಕೂದಲು ಸರಿಮಾಡಿಕೊಂಡ, ಆಮೇಲೆ ಒದ್ದ. ಚೆಂಡು ಕಂಬದ ಹೊರಗಿನಿಂದ ಹೋಯಿತು. ಎಲ್ಲರೂ ಗರಬಡಿದು ಸುಮ್ಮನಾದರು.

ಆ ಮೌನದಲ್ಲಿ ಕೆಜಾಯಾಳ ದನಿ ಕಣಿವೆಯ ಆ ತುದಿಗೂ ಕೇಳಿಸಿತು:

“ಟ್ರಾಂಟರ್! ನನ್ನ ಮೇಜಿನ ಮೇಲಿನ ಮಾಂಸದ ತುಂಡು ಆಗಿದ್ರೆ ಹೀಗೆ ಬಿಡ್ತಿದ್ಯೇನೋ!”

ಒಂದು ಕ್ಷಣ ಬಿಟ್ಟು ಇಡೀ ದಿಬ್ಬ ನಕ್ಕಿತು. ತಿಂಗಳುಗಟ್ಟಲೆ ನಗದ ಜನ ಒಬ್ಬರ ಹೆಗಲಿಗೊಬ್ಬರು ಒರಗಿ ನಕ್ಕರು. ಕೆಜಾಯಾಳ ಕಿವಿ ಬಿಸಿಯಾಯಿತು. ಐವತ್ತೆರಡು ವರ್ಷ ಅವಳು ಇಂಥ ಮಾತನ್ನೇ ಆಡಿದ್ದಳು: ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಗಂಡನ ಬೆನ್ನಿಗೆ. ಯಾರೂ ನಕ್ಕಿರಲಿಲ್ಲ. ಅವಳು ಉಸಿರು ತುಂಬಿಕೊಂಡು ಇನ್ನೊಂದು ಎಸೆದಳು, ಮತ್ತೊಂದು ಎಸೆದಳು. ಇಂಗ್ಲಿಷು ಸಾಲದಾದಾಗ ವೆಲ್ಷ್ ಭಾಷೆಗೆ ಇಳಿದಳು. ಆ ಭಾಷೆಯಲ್ಲಿ ಬೈಗುಳಕ್ಕೂ ಕೀರ್ತನೆಯ ರಾಗವಿರುತ್ತದೆ.

ಮುಂದಿನ ಪಂದ್ಯಕ್ಕೆ ಜನ ಹೆಚ್ಚಾದರು. ಅದರ ಮುಂದಿನದಕ್ಕೆ ಪಕ್ಕದ ಕಣಿವೆಯವರೂ ಬಂದರು. ಆಟ ನೋಡಲು ಬಂದವರಲ್ಲ. ಆ ಆಟವನ್ನು ಯಾರು ನೋಡುತ್ತಾರೆ? ಕೆಜಾಯಾ ಬೈಯುವುದನ್ನು ಕೇಳಲು ಬಂದವರು. ಚಾಪೆಲ್‌ನಲ್ಲಿ ಅವಳನ್ನು ಕಂಡರೆ ಮುಖ ತಿರುವುತ್ತಿದ್ದ ಬಟ್ಟೆ ಪ್ಯೂ ಶನಿವಾರ ಮಾತ್ರ ತಾನೇ ಗೇಟಿನಲ್ಲಿ ನಿಂತು ಒಳಗೆ ಬಿಡುತ್ತಿದ್ದ. ಅಂಗಡಿಯಿಂದ ಒಂದು ಕುರ್ಚಿಯನ್ನೂ ತರಿಸಿ ಹಾಕಿಸಿದ. ಪಾಂಟ್‌ಹೆಲಿಗ್‌ನ ಚೆಂಡಾಟವೆಲ್ಲ ನಡೆಯುವುದು ಇದ್ವಲ್ ಕಾಯುವ ಗೋಲಿನ ಮುಂದೆಯೇ ಆದ್ದರಿಂದ, ಮಧ್ಯಂತರದಲ್ಲಿ ಇಬ್ಬರು ಗಂಡಸರು ಆ ಕುರ್ಚಿಯನ್ನು ಹೊತ್ತು ಮೈದಾನದ ಇನ್ನೊಂದು ತುದಿಗೆ ಅವನ ಹಿಂದೆಯೇ ಒಯ್ದು ಇಡುತ್ತಿದ್ದರು. ಹಿಂದೆ ಮೆರವಣಿಗೆ. ಕುರ್ಚಿ ಕೊಟ್ಟವನನ್ನೂ ಕೆಜಾಯಾ ಬಿಡಲಿಲ್ಲ. “ಮಿಸ್ಟರ್ ಪ್ಯೂ, ನಿಮ್ಮ ಅಂಗಡಿ ಬಟ್ಟೆನೂ ಈ ತಂಡದ ಹಾಗೇನೇ, ಒಂದು ಮಳೆಗೆ ಬಣ್ಣ ಬಿಡುತ್ತೆ!” ಎಂದಾಗ ಅವನು ಹಲ್ಲು ಕಿರಿದು ಟೋಪಿ ಎತ್ತಿದ. ಜನ ಬರುತ್ತಿರುವಷ್ಟು ದಿನ ಅವನು ಬೂಟಿನ ಏಟಿಗೂ ಟೋಪಿ ಎತ್ತುವವನೇ.

ಟ್ರಾಂಟರ್ ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ ಪಬ್ಬಿನಲ್ಲಿ “ನಾನಿರೋ ಮನೆ ಯಜಮಾನಿ ನನ್ನನ್ನೇ ಬೈಯೋದು” ಎಂದು ಹೆಮ್ಮೆಪಟ್ಟ. ಬದಲಾದವನು ಇದ್ವಲ್. ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ. ಸಂಜೆ ದಾರಕ್ಕೆ ಕೈ ಚಾಚುವುದನ್ನೂ ಬಿಟ್ಟು, ಊಟ ಮುಗಿದೊಡನೆ ಮಹಡಿ ಹತ್ತುತ್ತಿದ್ದ. ಕೆಜಾಯಾ ಇದನ್ನು ಗಮನಿಸದವಳಲ್ಲ.

“ಯಾಕೋ, ನನ್ನ ಸಾರು ರುಚಿಸ್ತಾ ಇಲ್ವೇನೋ?”

“ಚೆನ್ನಾಗಿದೆ.”

“ಮೈದಾನದಲ್ಲಿ ಆಡೋ ಮಾತು ಮನಸ್ಸಿಗೆ ಹಚ್ಕೋಬಾರದು ಕಣೋ. ನಿನಗೆ ಅಂದಿದ್ದು ಬಹಳ ಕಮ್ಮಿ.”

“ನನ್ನ ಬೆನ್ನ ಹಿಂದೇನೇ ಕೂತಿರ್ತೀರಿ,” ಎಂದ ಇದ್ವಲ್. “ಚೆಂಡು ಬರ್ತಾ ಇರೋವಾಗ ನೀವೇನು ಹೇಳ್ತೀರೋ ಅಂತ ಕಿವಿ ಅಲ್ಲೇ ಇರುತ್ತೆ.”

ಬೇರೆ ಹೆಂಗಸಾಗಿದ್ದರೆ ಅಂದೇ ಕುರ್ಚಿಯನ್ನು ಪ್ಯೂ ಅಂಗಡಿಗೆ ವಾಪಸು ಕಳಿಸುತ್ತಿದ್ದಳು. ಕೆಜಾಯಾ ಮೂಗು ಮುರಿದಳು. ಅಷ್ಟು ದೊಡ್ಡ ಮೈಗೆ ಅಷ್ಟು ತೆಳ್ಳನೆಯ ಚರ್ಮವೇ ಎಂದುಕೊಂಡಳು. ಶನಿವಾರದ ಆ ನಗು ಅವಳಿಗೆ ಅಷ್ಟರಲ್ಲಿ ಚಹಾದಂತೆ ರೂಢಿಯಾಗಿತ್ತು.

ಏಪ್ರಿಲ್ ಕೊನೆಗೆ ಊರಿನ ಮೈದಾನದಲ್ಲಿ ಕಡೆಯ ಪಂದ್ಯ. ಗೆದ್ದರೆ ಪಾಂಟ್‌ಹೆಲಿಗ್ ಬುಡದಿಂದ ಮೂರನೆಯದಾಗಿ ಉಳಿಯುತ್ತದೆ, ಲಂಡನ್ನಿನಲ್ಲಿ ಬೇಡುವುದು ತಪ್ಪುತ್ತದೆ. ಮಳೆ ಬೆಳಗಿನಿಂದ ಹಿಡಿದಿತ್ತು. ಪವಾಡವೆಂಬಂತೆ ಟ್ರಾಂಟರನ ಬೆನ್ನಿಗೆ ತಾಗಿದ ಚೆಂಡು ಒಳಗೆ ಹೋಗಿ ಒಂದು ಗೋಲಾಯಿತು. ಅವನು ಅದನ್ನು ಬೇಕೆಂದೇ ಹೊಡೆದವನಂತೆ ಕೈ ಎತ್ತಿ ಓಡಿದ. ಎರಡನೆಯ ಅರ್ಧದುದ್ದಕ್ಕೂ ಎದುರಾಳಿಗಳು ಇದ್ವಲ್‌ನ ಮೇಲೆ ಬಿದ್ದರು. ಅವನು ಕೆಸರಿಗೆ ಹಾರಿ, ಉರುಳಿ, ಕಾಲುಗಳ ನಡುವೆ ತಲೆ ಒಡ್ಡಿ ಎಲ್ಲವನ್ನೂ ತಡೆದ. ಬೈಯಲು ಏನೂ ಸಿಗದೆ ಕೆಜಾಯಾ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಹಿಂದಿನಿಂದ ಜನ ಕೆಣಕಿದರು: “ಏನು ಕೆಜಾಯಾ ಆಂಟಿ, ನಾಲಿಗೆ ಮನೇಲೇ ಬಿಟ್ಟು ಬಂದ್ರಾ?” “ನಿಮ್ಮ ಮಾತು ಕೇಳೋಕೆ ಬೆಟ್ಟ ಹತ್ತಿ ಬಂದಿದೀವಿ!”

ಆಗ ಬಂತು ಒಂದು ಮೆತ್ತನೆಯ ಚೆಂಡು. ಸಣ್ಣ ಮಗುವೂ ಹಿಡಿಯಬಹುದಾದದ್ದು. ಇದ್ವಲ್ ಎರಡು ಕೈಯಲ್ಲೂ ಹಿಡಿದ. ಒದ್ದೆ ತೊಗಲು ಬೆರಳ ಸಂದಿಯಿಂದ ಜಾರಿ, ಕಾಲ ಕೆಳಗಿಂದ ಉರುಳಿ, ಗೆರೆ ದಾಟಿತು.

ಮಾತು ಅವಳ ಬಾಯಿಂದ ಯೋಚನೆಗಿಂತ ಮುಂಚೆ ಹೊರಟಿತು:

“ಕೈಗೆ ಬಂದದ್ದನ್ನ ಜಾರಿಸೋದು ನಿನಗೆ ಹಳೇ ಅಭ್ಯಾಸ ಅಲ್ವೇನೋ, ಇದ್ವಲ್!”

ಜನ ನಕ್ಕರು. ಅವರಿಗೆ ಅದು ಎಲ್ಲ ಶನಿವಾರದಂಥ ಮಾತೇ. ಇದ್ವಲ್ ತಿರುಗಿ ಅವಳ ಮುಖ ನೋಡಿದ. ಕೋಪದ ನೋಟವಲ್ಲ, ಕೇಳಿಸಿದ್ದು ನಿಜವೋ ಎಂದು ಖಾತ್ರಿ ಮಾಡಿಕೊಳ್ಳುವವನ ನೋಟ. ಖಾತ್ರಿಯಾದ ಮೇಲೆ ಟೋಪಿ ತೆಗೆದು ಗೋಲಿನ ಕಂಬದ ಬುಡದಲ್ಲಿಟ್ಟು, ಬಲೆಯ ಪಕ್ಕದಿಂದ ನಡೆದು, ಜನ ಬಿಟ್ಟ ದಾರಿಯಲ್ಲಿ ಮೈದಾನದಿಂದ ಹೊರಗೆ ಹೋದ.

ರೆಫರಿ ಸೀಟಿ ಊದಿದ, ಪ್ಯೂ ಕಿರುಚಿದ. ಕೊನೆಗೆ ರಕ್ಷಣೆಯ ಆಟಗಾರರಲ್ಲಿ ಒಬ್ಬನನ್ನು ಗೋಲಿಗೆ ನಿಲ್ಲಿಸಿದರು. ಅವನು ಬಂದ ಚೆಂಡಿಗೆಲ್ಲ ದಾರಿ ಬಿಟ್ಟುಕೊಟ್ಟ. ಒಂದಕ್ಕೆ ನಾಲ್ಕು ಗೋಲಿನಿಂದ ಸೋತರು. ಮುಗಿಯುವ ಮುಂಚೆಯೇ ಜನ ಕೆಜಾಯಾಳ ಸುತ್ತ ನೆರೆದು, “ಓಡಿಸೇಬಿಟ್ರಲ್ಲ ಆಂಟಿ, ಭಲೇ!” ಎಂದು ಬೆನ್ನು ತಟ್ಟಿದರು. ಅವಳು ಎದ್ದು ನಿಂತು ಆ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಯಾಕ್ರೋ ನಗ್ತೀರಿ? ಅವನೊಬ್ಬ ಇಷ್ಟು ದಿನ ನಿಮ್ಮೂರಿನ ಕೆಸರಲ್ಲಿ ಬಿದ್ದು ಎದ್ದ. ನೀವೇನ್ ಮಾಡಿದ್ರಿ? ಮುದುಕಿ ಕುರ್ಚಿ ಹೊತ್ತಿರಿ. ಥೂ ನಿಮ್ಮ!”

ಅದಕ್ಕೂ ನಕ್ಕರು. ಅವಳು ಏನು ಅಂದರೂ ನಗುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮನೆಗೆ ಬಂದಾಗ ಇದ್ವಲ್ ಬೂಟು ಹಿತ್ತಲಲ್ಲೇ ಬಿಚ್ಚಿ, ಮೈ ತೊಳೆದು, ಪೆಟ್ಟಿಗೆ ಕಟ್ಟಿ ಅಡುಗೆಮನೆಯಲ್ಲಿ ನಿಂತಿದ್ದ.

“ನಿಮಗೆ ಮಾತ್ರ ಹೇಳಿದ್ದೆ.”

“ಹೌದು,” ಎಂದಳು ಕೆಜಾಯಾ.

ಇನ್ನೊಂದು ಮಾತು ಬೇಕಿತ್ತು. ಊರಿಗೆಲ್ಲ ಹಂಚುವಷ್ಟು ಮಾತಿದ್ದ ಬಾಯಿಗೆ ಅದೊಂದು ಬರಲಿಲ್ಲ. ಬ್ರೆಡ್ಡು, ಚೀಸು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಅವನು ಇಸಿದುಕೊಂಡು ಹೋದ. ಆಮೇಲೆ ನೋಡಿದರೆ ಪೊಟ್ಟಣ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು.

ಜೂನಿನಲ್ಲಿ ಬಟ್ಟೆ ಪ್ಯೂ ತನ್ನ ಅಂಗಡಿಯ ಅತ್ಯುತ್ತಮ ಸೂಟು ತೊಟ್ಟು ಲಂಡನ್ನಿಗೆ ಹೋಗಿ, ಬೆರಳೆಣಿಕೆಯ ವೋಟು ತಂದ. ತಂಡ ಡಿವಿಷನ್‌ನಿಂದ ಹೊರಬಿತ್ತು. ಟ್ರಾಂಟರ್ ಕೊನೆಯ ವಾರದ ಬಾಡಿಗೆ ಕೊಡದೆ, ಎಣ್ಣೆಯ ಸೀಸೆ ಮಾತ್ರ ಮರೆಯದೆ, ಮಾಯವಾದ. ಊರು ಮೊದಲು ಇದ್ವಲ್‌ನನ್ನು ಹೇಡಿ ಎಂದಿತು. ಅದು ಹಳತಾದ ಮೇಲೆ, ಆ ನಾಲಿಗೆಯವಳಿಂದಲೇ ಕ್ಲಬ್ಬು ಮುಳುಗಿತು ಎಂದಿತು. ಹಾಗೆ ಹೇಳುವವರಲ್ಲಿ ಕುರ್ಚಿ ಹೊತ್ತ ಇಬ್ಬರೂ ಇದ್ದರು.

ಆಗಸ್ಟಿನ ಒಂದು ದಿನ ಕೆಜಾಯಾ ಕಪ್ಪು ಟೋಪಿ ಹಾಕಿಕೊಂಡು ಬಸ್ಸು ಹತ್ತಿ, ಬೆಟ್ಟ ದಾಟಿ, ಕೇಳಿಕೊಂಡು ರೀಸ್ ಮನೆ ಹುಡುಕಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದು ಬಾಗಿಲು ತೆರೆದೊಡನೆ ಚೆದುರಿತು, ತನ್ನ ಹೆಸರಷ್ಟೇ ಹೊರಬಂತು. ತೆರೆದವಳು ಇದ್ವಲ್‌ನ ತಾಯಿ, ಕುಳ್ಳಗೆ, ದುಂಡಗೆ, ಮುಖದ ತುಂಬ ನಗು.

“ಮಿಸೆಸ್ ಪ್ರಾಸರಾ! ಬನ್ನಿ ಬನ್ನಿ! ನನ್ನ ಮಗನನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ! ನಿಮ್ಮ ಮನೆ ಊಟ, ನಿಮ್ಮ ಮನೆ ಒಲೆ, ಅದೇ ಮಾತು ಅವನಿಗೆ.”

ಅವನು ಹೇಳಿರಲಿಲ್ಲ. ಏನೂ ಹೇಳಿರಲಿಲ್ಲ. ಕೆಜಾಯಾ ಕುರ್ಚಿಯ ತುದಿಯಲ್ಲಿ ಕೂತಳು. ತಾಯಿ ಹಬ್ಬಕ್ಕೆ ತೆಗೆಯುವ ಬಟ್ಟಲಲ್ಲಿ ಚಹಾ ಕೊಟ್ಟು, ಗೋಡೆಯ ಮೇಲಿನ ಎಮ್ಲಿನ್‌ನ ಪಟ ತೋರಿಸಿದಳು.

“ಇದ್ವಲ್ ತಲುಪೋ ಮುಂಚೇನೇ ನೀರು ಎಳ್ಕೊಂಡು ಹೋಯ್ತಂತೆ. ತಲುಪಿದ್ರೆ ಅವನು ಬಿಡ್ತಿದ್ನಾ? ಅವನ ಕೈ ನೋಡಿದೀರಲ್ಲ ನೀವು. ಒಂದ್ಸಲ ಹಿಡಿದ್ರೆ ಮುಗೀತು, ಜಾರೋ ಮಾತೇ ಇಲ್ಲ. ಅಲ್ವಾ?”

ಹಿತ್ತಲ ಬಾಗಿಲಲ್ಲಿ ಇದ್ವಲ್ ನಿಂತಿದ್ದ. ಕಸದ ದಿಬ್ಬದಲ್ಲಿ ಕೆದಕಿ ತಂದ ಕಲ್ಲಿದ್ದಲ ಚೀಲ ಹೆಗಲ ಮೇಲೆಯೇ ಇತ್ತು. ಕೆಜಾಯಾ ಅವನನ್ನು ನೋಡಿದಳು, ತಾಯಿಯನ್ನು ನೋಡಿದಳು.

“ಹೌದಮ್ಮಾ,” ಎಂದಳು. “ಅದೇ ಗೋಲಿನ ಹಿಂದೆ ಚಳಿಗಾಲವೆಲ್ಲ ಕೂತು ನೋಡಿದೀನಿ. ಜಾರಿಸೋ ಕೈ ಅಲ್ಲ ಅದು.”

ಜೀವಮಾನದಲ್ಲಿ ಅವಳು ಒಬ್ಬರ ಸಮಾಧಾನಕ್ಕೆ ಹೇಳಿದ ಮೊದಲ ಸುಳ್ಳು ಅದು. ಸುಳ್ಳು ಹೇಳುವವರನ್ನು ಕಂಡರೆ ಅವಳು ಯಾವಾಗಲೂ ಹೇಸುತ್ತಿದ್ದಳು. ಆಗಲೂ ತನ್ನ ದನಿ ತನಗೇ ಹೇಸಿಗೆಯಾಯಿತು. ಚಹಾ ನೀರುನೀರಾಗಿತ್ತು. ಪೂರ್ತಿ ಕುಡಿದಳು.

ಇದ್ವಲ್ ಬಸ್ ನಿಲ್ಲುವ ಜಾಗದವರೆಗೆ ಬಂದ. ಬಸ್ಸು ಕಂಡಾಗ ಅವನೇ ಅಂದ:

“ನನ್ನ ಹಸಿರು ಜರ್ಸಿ ನಿಮ್ಮ ಹಿತ್ತಲಲ್ಲೇ ಉಳೀತು. ಕ್ಲಬ್ಬಿನದು ಅದು. ಪ್ಯೂಗೆ ಕೊಟ್ಟುಬಿಡಿ.”

“ಕೊಡೋಕಾಗಲ್ಲ. ಒಲೆ ಬೂದಿ ಒರೆಸ್ತಿದೀನಿ ಅದರಲ್ಲಿ. ಪ್ಯೂ ಬಟ್ಟೆ ಅದಕ್ಕೇ ಸರಿ.”

ಅವನು ನಗಲಿಲ್ಲ. ಆದರೆ ಅವಳು ಬಸ್ಸಿನ ಮೆಟ್ಟಿಲು ಹತ್ತಲು ತಡವರಿಸಿದಾಗ ಮೊಣಕೈ ಹಿಡಿದು ಹತ್ತಿಸಿದ. ಅಷ್ಟೇ. ಅವರು ಮತ್ತೆ ಭೇಟಿಯಾಗಲಿಲ್ಲ. ಮರುವರ್ಷ ಅವನು ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಕಡೆ ಹೋದನೆಂದು ಮಾರ್ಗೆಡ್ ಯಾರಿಂದಲೋ ಕೇಳಿ ಬಂದು ಹೇಳಿದಳು.

ಪಾಂಟ್‌ಹೆಲಿಗ್ ತಂಡ ಇನ್ನೆರಡು ವರ್ಷ ಹಳ್ಳಿ ತಂಡಗಳ ಜೊತೆ ಆಡಿ, ಅಲ್ಲಿಯೂ ಸೋತು, ಮುಚ್ಚಿಹೋಯಿತು. ಹಾಗೆ ಆಡಲು ಶುರುಮಾಡಿದ ಮೊದಲ ಶನಿವಾರ ಜನ ಬಂದು ಕೆಜಾಯಾಳನ್ನು ಕರೆದಿದ್ದರು. ಅವಳು ಬಾಗಿಲನ್ನು ಅವರ ಮುಖಕ್ಕೆ ಹಾಕಿದಳು. ಒಳಗಿಂದ ಬೈಗುಳ ಬರಬಹುದೆಂದು ಅವರು ಸ್ವಲ್ಪ ಹೊತ್ತು ಕಾದು ನಿಂತಿದ್ದರು. ಬರಲಿಲ್ಲ. ಮುದುಕಿಗೆ ವಯಸ್ಸಾಯಿತು ಎಂದುಕೊಂಡು, ಕೈಗಳನ್ನು ಜೇಬಿಗಿಳಿಸಿ, ಮೈದಾನದ ಕಡೆ ಹೊರಟರು.